ನಾನೂರ ಮೂವತ್ತೆಂಟು ಕಿಲೋಮೀಟರ್, ಐವತ್ತೆರಡು ನಿಮಿಷ

ವಿಮಾನ ಕಂಪನಿ ಅಂದ ಕೂಡಲೇ ಜನರ ಕಣ್ಣು ಪೈಲಟ್ಟನ ಟೋಪಿಯ ಮೇಲೆ ಹೋಗುತ್ತದೆ, ಇಲ್ಲವೇ ಗಗನಸಖಿಯ ನಗುವಿನ ಮೇಲೆ. ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ, ಕೆಟ್ಟು ನಿಂತ ಲಿಫ್ಟಿನ ಪಕ್ಕದ ಕೋಣೆಯಲ್ಲಿ ಕೂತು, ಈ ಊರಿಂದ ಆ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಬರೆದಿಡುವ ಹೆಂಗಸೊಬ್ಬಳು ಇರುತ್ತಾಳೆಂದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯದಿದ್ದರೆ ಬೇಡ. ತಾನು ಬರೆದ ಅಂಕಿ ಟಿಕೆಟ್ಟಿನ ಮೇಲೆ ಬರದೆ ಒಂದು ಚಕ್ರವೂ ಉರುಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ಕಚೇರಿಯಲ್ಲಿ ಅವಳಿಗೆ ನಿಮಿಷಮ್ಮ ಎಂದೇ ಹೆಸರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು. 'ಐದು ನಿಮಿಷದಲ್ಲಿ ಬಂದೆ' ಎಂದು ಟೀ ಕುಡಿಯಲು ಹೋದವರು ಹದಿನೇಳು ನಿಮಿಷಕ್ಕೆ ಬಂದರೆ, 'ಉಳಿದ ಹನ್ನೆರಡು ಎಲ್ಲಿ ಬಿಟ್ಟು ಬಂದ್ರಿ?' ಎಂದು ಕೇಳುವ ಹೆಂಗಸಿಗೆ ಇನ್ನೇನು ಹೆಸರಿಡಬೇಕು? ಬಾಗಿಲ ಮೇಲೆ 'ವೇಳಾಪಟ್ಟಿ ವಿಭಾಗ' ಎಂಬ ಹಲಗೆ ಇತ್ತು. ವಿಭಾಗ ಅಂದರೆ ಅವಳೊಬ್ಬಳೇ.

ಕೆಲಸ ಕಲಿಸಿದವರು ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷ ಕೂತಿದ್ದ ಗುರುಗಳು. ಊರೆಲ್ಲ ಅವರನ್ನು ಗುರುಗಳೇ ಎಂದು ಕರೆಯುತ್ತಿತ್ತು, ಆದರೆ ಅವರು ಪಾಠ ಹೇಳಿದ್ದು ಇವಳೊಬ್ಬಳಿಗೆ. ಅವರ ಮೊದಲ ಪಾಠ: "ನಿಮಿಷ ಸಾಯಲ್ಲಮ್ಮ, ಜಾಗ ಬದಲಾಯಿಸುತ್ತೆ ಅಷ್ಟೆ." ಅದಕ್ಕೇ ಅವರು ಮಾಡಿಟ್ಟ ಫಾರಮ್ಮಿಗೆ ಎರಡು ಅರ್ಧ. ಮೇಲಿನ ಅರ್ಧದಲ್ಲಿ ಯಾವ ಹಾರಾಟದಿಂದ ಎಷ್ಟು ನಿಮಿಷ ಕಳೆದೆ ಎಂದು ಬರೆಯಬೇಕು. ಕೆಳಗಿನ ಅರ್ಧದಲ್ಲಿ ಕಳೆದ ನಿಮಿಷವನ್ನು ಎಲ್ಲಿಗೆ ಹಾಕಿದೆ ಎಂದು ಬರೆಯಬೇಕು: ವಿಮಾನದ ನಿಲುಗಡೆಗೋ, ವರ್ಕ್‌ಶಾಪಿಗೋ, ಸಿಬ್ಬಂದಿಯ ವಿಶ್ರಾಂತಿಗೋ, ವಿಭಾಗಕ್ಕೋ. ಕೆಳಗಿನದು ಖಾಲಿ ಇದ್ದರೆ ಫಾರಮ್ಮು ಪಾಸಾಗುವುದಿಲ್ಲ.

ಎಲ್ಲ ದಾರಿಗಳ ಲೆಕ್ಕವೂ ಅವಳಿಗೆ ತಾಳೆಯಾಗುತ್ತಿತ್ತು, ಒಂದನ್ನು ಬಿಟ್ಟು. ಅವಳ ಊರಿನ ವಿಮಾನ ನಿಲ್ದಾಣದಿಂದ ಆಚೆ ಊರಿನ ನಿಲ್ದಾಣಕ್ಕೆ ನಾನೂರ ಮೂವತ್ತೆಂಟು ಕಿಲೋಮೀಟರ್. ಕಂಪನಿಯ ಪುಟ್ಟ ಪ್ರೊಪೆಲ್ಲರ್ ವಿಮಾನಕ್ಕೆ ಏರುವುದು, ಹಾರುವುದು, ಇಳಿಯುವುದು, ಎಲ್ಲ ಸೇರಿ ಐವತ್ತೆರಡು ನಿಮಿಷ ಸಾಕು. ಪಟ್ಟಿಯಲ್ಲಿ ಇದ್ದದ್ದು ಅರವತ್ತೊಂದು. ಪಟ್ಟಿಯಲ್ಲಿ ನಾಲ್ಕಾರು ನಿಮಿಷ ಸಡಿಲ ಬಿಡುವುದು ಎಲ್ಲ ಕಂಪನಿಗಳ ಚಾಳಿ. ತಡವಾಗಿ ಹೊರಟರೂ ಸರಿಯಾದ ಸಮಯಕ್ಕೆ ಮುಟ್ಟಿಸಿದೆವೆಂದು ಬೀಗಬಹುದಲ್ಲ! ಆದರೆ ಸಡಿಲ ಬಿಟ್ಟ ವಿಮಾನ ಎಂದಾದರೊಂದು ದಿನ ಬೇಗ ಬರಬೇಕು. ಇದು ಬರಲಿಲ್ಲ. ವರ್ಷಗಟ್ಟಲೆ, ದಿನಕ್ಕೆ ನಾಲ್ಕು ಸಲ, ಅರವತ್ತೊಂದು ಅಂದರೆ ಅರವತ್ತೊಂದು.

ನಿವೃತ್ತಿಯ ದಿನ ಗುರುಗಳು ಬೀಗದ ಕೈ ಕೊಡುತ್ತ ಹೇಳಿದ್ದರು: "ಎಲ್ಲ ಮುಟ್ಟು, ಎಲ್ಲ ತಿದ್ದು. ಆ ಒಂಬತ್ತು ನಿಮಿಷಕ್ಕೆ ಮಾತ್ರ ಕೈ ಹಾಕ್ಬೇಡ."

"ಯಾಕೆ ಸಾರ್?"

"ಹೇಗೋ ಕೂತಿದೆ, ಕೂತಿರ್ಲಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರ ಅಭ್ಯಾಸ. ಅವಳು ನಾಲ್ಕು ವರ್ಷ ಅದರ ತಂಟೆಗೆ ಹೋಗಲಿಲ್ಲ. ತಂಗಿಯ ಮಗು ಅಳದೇ ಇದ್ದಿದ್ದರೆ ಮುಂದೆಯೂ ಹೋಗುತ್ತಿರಲಿಲ್ಲವೇನೋ.

ತಂಗಿ ಅದೇ ಕಂಪನಿಯ ಗಗನಸಖಿ, ಅದೇ ದಾರಿಯಲ್ಲಿ ಆರು ವರ್ಷದಿಂದ ಹಾರುವವಳು. ಅಕ್ಕತಂಗಿಯರ ಮನೆ ಒಂದೇ ಕಟ್ಟಡದಲ್ಲಿ, ಇವಳದು ಕೆಳಗೆ, ತಂಗಿಯದು ಮೇಲೆ. ತಂಗಿಯ ಗಂಡನಿಗೆ ಅಚ್ಚಿನ ಮನೆಯಲ್ಲಿ ಸಂಜೆ ಪಾಳಿ. ವಾರದಲ್ಲಿ ಮೂರು ದಿನ ತಂಗಿ ಆಚೆ ಊರಿಗೆ ಹೋಗಿ, ಬಂದು, ಮತ್ತೆ ಹೋಗುವಷ್ಟರಲ್ಲಿ ದಿನದ ಡ್ಯೂಟಿ ಮುಗಿದುಹೋಗುತ್ತಿತ್ತು. ನಾಲ್ಕನೆಯ ಹಾರಾಟಕ್ಕೆ ನಿಂತರೆ ನಿಯಮದ ಮಿತಿ ಇಪ್ಪತ್ತೆಂಟು ನಿಮಿಷ ಮೀರುತ್ತದೆ. ಹಾಗಾಗಿ ಆ ಮೂರು ರಾತ್ರಿ ಅವಳು ಅಲ್ಲಿಯ ಹೋಟೆಲಿನಲ್ಲಿ, ಹತ್ತು ತಿಂಗಳ ಪುಟ್ಟಿ ಇಲ್ಲಿ ದೊಡ್ಡಮ್ಮನ ಮಡಿಲಲ್ಲಿ. ಅಮ್ಮನ ಸಮವಸ್ತ್ರದ ಸ್ಕಾರ್ಫನ್ನು ಮುಷ್ಟಿಯಲ್ಲಿ ಹಿಡಿದು ಮಗು ಅಳುವುದನ್ನು ನೋಡಿದರೆ ಕಲ್ಲೂ ಕರಗಬೇಕು. ನಿಮಿಷಮ್ಮ ಕಲ್ಲಲ್ಲ.

"ಅಕ್ಕ, ನಾನು ದಿನಾ ಎಪ್ಪತ್ತು ಜನರ ಸೂಟ್‌ಕೇಸ್ ಎತ್ತಿಡ್ತೀನಿ," ಎಂದಳು ತಂಗಿ ಒಂದು ಭಾನುವಾರ. "ಮೂವತ್ತಾರು ನಿಮಿಷ ಎತ್ತಿಡೋಕೆ ನಿನ್ನಿಂದ ಆಗಲ್ವಾ? ಹಾರಾಟಕ್ಕೆ ಒಂಬತ್ತರ ಹಾಗೆ ತೆಗೆದ್ರೆ ನಾಲ್ಕನೇದರಲ್ಲಿ ನಾನು ಮನೆಗೇ ಬಂದ್ಬಿಡ್ತೀನಿ. ಎಲ್ಲರಿಗೂ ಗೊತ್ತು ಅದು ಸುಮ್ನೆ ತುಂಬಿಸಿರೋದು ಅಂತ."

ಮರುದಿನ ನಿಮಿಷಮ್ಮ ಎಣ್ಣೆ ಮಾಸ್ತರರ ಹತ್ತಿರ ಹೋದಳು. ವಿಮಾನಕ್ಕೆ ಇಂಧನ ತುಂಬಿಸುವ ಹಳೆಯ ಮನುಷ್ಯ, ಕೈ ತೊಳೆದರೂ ಹೋಗದ ವಾಸನೆ, ಬಾಯಿ ತುಂಬ ತಮಾಷೆ. ಆ ದಾರಿಯ ಇಂಧನದ ಹಾಳೆಗಳನ್ನು ಅವರು ಮುಂದೆ ತಳ್ಳಿದರು.

"ಒಂದು ಮೋಜು ಹೇಳ್ತೀನಿ ಕೇಳಿ. ಇದು ಹಾರೋದು ಅರವತ್ತೊಂದು ನಿಮಿಷ, ಕುಡಿಯೋದು ಐವತ್ತೆರಡರದ್ದು. ನಾನು ಸೇರಿದಾಗಿಂದ ಹೀಗೇ."

"ಉಳಿದ ಒಂಬತ್ತು ನಿಮಿಷ ಏನು ಕುಡಿದು ಹಾರುತ್ತೆ?"

"ಅದನ್ನ ಕೇಳೋಕೆ ನನಗೇನು ಹುಚ್ಚೇ? ಕಡಿಮೆ ಕುಡಿಯೋ ಗಂಡನ್ನ ಯಾರಾದ್ರೂ ಬೈತಾರಾ?"

ಅವಳು ಅಲ್ಲೇ ನಿಲ್ಲಬೇಕಿತ್ತು. ಎಣ್ಣೆಯಿಲ್ಲದೆ ಒಂಬತ್ತು ನಿಮಿಷ ಗಾಳಿಯಲ್ಲಿ ನಿಲ್ಲುವ ವಿಮಾನ ಜಗತ್ತಿನಲ್ಲಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಪ್ರೀತಿ ಎಂಬುದು ಬುದ್ಧಿವಂತರನ್ನೇ ಹುಡುಕಿಕೊಂಡು ಹೋಗಿ ದಡ್ಡರನ್ನಾಗಿ ಮಾಡುತ್ತದೆ. ಇಂಧನವೇ ಐವತ್ತೆರಡಕ್ಕೆ ಸರಿಹೋಗುತ್ತಿದೆ ಅಂದ ಮೇಲೆ ಒಂಬತ್ತು ಸುಳ್ಳು ಎಂದೇ ಅವಳು ಅರ್ಥ ಮಾಡಿಕೊಂಡಳು. ಫಾರಮ್ಮಿನ ಮೇಲಿನ ಅರ್ಧದಲ್ಲಿ ನಾಲ್ಕು ಹಾರಾಟದಿಂದ ಒಂಬತ್ತೊಂಬತ್ತು ಕಳೆದಳು. ಕೆಳಗಿನ ಅರ್ಧಕ್ಕೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ನಿಲುಗಡೆಗೆ ಹಾಕಿದರೆ ಮ್ಯಾನೇಜರ್ ಒಪ್ಪುವುದಿಲ್ಲ, ವರ್ಕ್‌ಶಾಪಿನವರಿಗೆ ಯಾಕೆ ಬಿಟ್ಟಿ ಉಡುಗೊರೆ? ಪಾಪ, ದಣಿದು ಬರುವ ತಂಗಿಗೇ ಸಿಗಲಿ ಎಂದು 'ಸಿಬ್ಬಂದಿಯ ವಿಶ್ರಾಂತಿ'ಯ ಎದುರು ಮೂವತ್ತಾರು ಎಂದು ದುಂಡಗೆ ಬರೆದಳು.

ಮ್ಯಾನೇಜರ್ ಓದದೆ ಸಹಿ ಹಾಕಿದ. ಅವನು ಓದಿ ಸಹಿ ಹಾಕಿದ್ದನ್ನು ನೋಡಿದವರು ಯಾರೂ ಇಲ್ಲ.

ಹೊಸ ಪಟ್ಟಿ ಜಾರಿಗೆ ಬಂದ ಮೊದಲ ಬೆಳಗ್ಗೆ ಅವಳು ಕಿಟಕಿಯ ಬಳಿ ಉಗುರು ಕಚ್ಚುತ್ತ ನಿಂತಿದ್ದಳು. ಆಚೆ ಊರಿನಿಂದ ಫೋನು ಬಂತು. ಐವತ್ತೆರಡನೆಯ ನಿಮಿಷಕ್ಕೆ ಚಕ್ರ ನಿಂತಿತ್ತು. ಎರಡನೆಯದೂ ಐವತ್ತೆರಡು, ಮೂರನೆಯದೂ. ಮೂವತ್ತು ವರ್ಷ ಅರವತ್ತೊಂದು ತಿಂದ ದಾರಿ ಒಂದೇ ದಿನಕ್ಕೆ ಬುದ್ಧಿ ಕಲಿತಿತ್ತು. ಕಚೇರಿಯವರೆಲ್ಲ ಬಂದು ಕೈ ಕುಲುಕಿದರು. ಸಂಜೆ ಐದೂವರೆಗೆ ತಂಗಿ ಮೆಟ್ಟಿಲು ಹತ್ತಿ ಬಂದಾಗ ಪುಟ್ಟಿ ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. ನಿಮಿಷಮ್ಮನಿಗೆ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಮೂರನೆಯ ಸಂಜೆ ಅವಳು ಮೇಲೆ ಹೋದಾಗ ತಂಗಿ ಅಡುಗೆಮನೆಯ ಮೇಜಿನ ಬಳಿ ಕೂತು ಮಗುವಿಗೆ ಉಣ್ಣಿಸುತ್ತಿದ್ದಳು. ಏನೋ ಕಥೆ ಹೇಳುತ್ತಿದ್ದಳು, ಯಾರೋ ಪ್ರಯಾಣಿಕ ಶೂ ಬಿಚ್ಚಿಟ್ಟು ಮರೆತು ಇಳಿದದ್ದು. "ಆಮೇಲೆ ಆ ಮನುಷ್ಯ ಏನಂದ ಗೊತ್ತಾ ಅಕ್ಕ, ನನ್ನ..." ಎಂದವಳು ನಿಂತಳು.

ಚಮಚ ಗಾಳಿಯಲ್ಲೇ ಉಳಿಯಿತು. ಕಣ್ಣು ತೆರೆದೇ ಇತ್ತು, ಆದರೆ ಅದರೊಳಗೆ ನೋಡುವವರು ಯಾರೂ ಇರಲಿಲ್ಲ. ನಿಮಿಷಮ್ಮ ಮೊದಲು ನಕ್ಕಳು, ಆಮೇಲೆ ಭುಜ ಅಲುಗಿಸಿದಳು, ಆಮೇಲೆ ಕೈ ಮುಟ್ಟಿದಳು. ಕೈ ಎತ್ತರದಲ್ಲಿ ಹಾರುವ ವಿಮಾನದ ಕಿಟಕಿಯ ಗಾಜಿನಷ್ಟು ತಣ್ಣಗಿತ್ತು. ಮೂಗಿನ ಬಳಿ ಬೆರಳು ಹಿಡಿದಳು, ಉಸಿರಿರಲಿಲ್ಲ. ಅಷ್ಟರಲ್ಲಿ ತಂಗಿಯ ಮೈ ನಿಧಾನವಾಗಿ ಎಡಕ್ಕೆ ವಾಲಿತು, ಬೀಳುವ ಹಾಗಲ್ಲ, ವಿಮಾನ ತಿರುವು ತೆಗೆದುಕೊಳ್ಳುವಾಗ ಒಳಗಿನವರು ವಾಲುವ ಹಾಗೆ. ಮೇಜಿನ ಮೇಲಿನ ಲೋಟದ ನೀರೂ ಅದೇ ಕಡೆಗೆ ಓರೆಯಾಗಿ ನಿಂತಿತು. ಲೋಟ ನೆಟ್ಟಗೇ ಇತ್ತು. ನೀರು ಮಾತ್ರ ಓರೆ.

ಪುಟ್ಟಿ ಅಳಲಿಲ್ಲ. ಚಮಚಕ್ಕೆ ಬಾಯಿ ತೆರೆದುಕೊಂಡು ಕಾಯುತ್ತಲೇ ಇತ್ತು.

ಡಾಕ್ಟರಿಗೆ ಫೋನು ಮಾಡಲು ನಿಮಿಷಮ್ಮ ಗುಂಡಿ ಒತ್ತುತ್ತಿದ್ದಾಗ ಹಿಂದಿನಿಂದ ದನಿ ಬಂತು: "...ನನ್ನ ಕಾಲು ಅಲ್ಲೇ ಇದೆ ಅನ್ಕೊಂಡಿದ್ದೆ ಅಂದ!" ತಂಗಿ ಹೊಟ್ಟೆ ಹಿಡಿದು ನಕ್ಕಳು. ಅಕ್ಕನ ಮುಖ ನೋಡಿ ನಗು ನಿಲ್ಲಿಸಿ, "ಯಾಕಕ್ಕ, ನಗು ಬರಲಿಲ್ವಾ? ಅಯ್ಯೋ, ಇದೇನು ಮಗೂ ಊಟ ಇಷ್ಟು ಬೇಗ ಆರಿಹೋಗಿದೆ," ಎಂದಳು.

ನಿಮಿಷಮ್ಮ ಗಡಿಯಾರ ನೋಡಿಕೊಂಡಳು. ಬೇರೆಯವರಾಗಿದ್ದರೆ ಹತ್ತು ನಿಮಿಷ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಅದು ಒಂಬತ್ತು.

ಆ ಸಂಜೆ ಹಾಗೆ ಇನ್ನೂ ಮೂರು ಸಲ ಆಯಿತು. ಬಟ್ಟೆ ಮಡಿಸುವಾಗ ಒಮ್ಮೆ, ಕನ್ನಡಿಯ ಮುಂದೆ ಒಮ್ಮೆ, ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ಒಮ್ಮೆ. ತಂಗಿಗೆ ಒಂದೂ ತಿಳಿಯಲಿಲ್ಲ. "ಸಂಜೆ ಅನ್ನೋದು ಹೇಗೆ ಓಡಿಹೋಗುತ್ತಪ್ಪ," ಎಂದಷ್ಟೇ ಅಂದಳು. ಒಂಬತ್ತು ನಾಲ್ಕಲೆ ಮೂವತ್ತಾರು. ನಿಮಿಷಮ್ಮ ಕೆಳಗೆ ಬಂದು ಹಾಸಿಗೆಯ ಮೇಲೆ ಕೂತಳು. ತಾನು ದುಂಡಗೆ ಬರೆದ ಅಂಕಿ ಅವಳ ಕಣ್ಣ ಮುಂದೆ ಇತ್ತು.

ಅದು ತಂಗಿಯೊಬ್ಬಳ ಪಾಡಲ್ಲ ಎಂದು ವಾರದೊಳಗೆ ತಿಳಿಯಿತು. ಆ ದಾರಿಯ ಕ್ಯಾಪ್ಟನ್ನು ಡ್ಯೂಟಿ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟವನು ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿದ್ದ. ಹಸಿರು ಬಂತು, ಕೆಂಪು ಬಂತು, ಮತ್ತೆ ಹಸಿರು ಬಂತು. ಹಿಂದಿನವರು ಹಾರ್ನ್ ಒತ್ತಿದರು, ಬೈದರು, ಕೊನೆಗೆ ಒಬ್ಬ ಬಂದು ಬಾಗಿಲು ತೆಗೆದು ನಾಡಿ ಹಿಡಿದು, "ಹೋಗಿಬಿಟ್ಟಿದ್ದಾನೆ" ಎಂದು ಕೂಗಿದ. ಆಂಬುಲೆನ್ಸಿನವರು ಹೊರಗೆಳೆಯುವಾಗ ಕ್ಯಾಪ್ಟನ್ ಕಣ್ಣು ಮಿಟುಕಿಸಿ, "ಹಸಿರು ಬಂತಲ್ಲ, ಬಿಡ್ರಿ" ಎಂದನಂತೆ. ಆಸ್ಪತ್ರೆಯಲ್ಲಿ ಅವನ ಮೈಯಲ್ಲಿ ಒಂದು ದೋಷವೂ ಸಿಗಲಿಲ್ಲ. ಕಚೇರಿಯವರು ಇದನ್ನು ಹೇಳಿಕೊಂಡು ನಕ್ಕರು. ನಿಮಿಷಮ್ಮ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಂಗಿಯನ್ನು ಕಾಯತೊಡಗಿದಳು. ಸಂಜೆಯಾದರೆ ಮೇಲೆ ಹೋಗಿ ಕೂತುಬಿಡುವುದು, ಒಲೆಯ ಬಳಿ ಬಿಡದಿರುವುದು, ಮೆಟ್ಟಿಲಿಳಿಯಲು ಬಿಡದಿರುವುದು. "ಏನಕ್ಕ ಇದು, ನನ್ನ ಅತ್ತೆ ಕೂಡ ಇಷ್ಟು ಕಾಯಲಿಲ್ಲ" ಎಂದು ತಂಗಿ ರೇಗಿಸಿದಳು. ನಿಜ ಹೇಳಲು ಬಾಯಿ ಬರಲಿಲ್ಲ. ಏನೆಂದು ಹೇಳುವುದು? ದಿನಕ್ಕೆ ನಾಲ್ಕು ಸಲ ನೀನು ಸತ್ತು ಬದುಕುತ್ತೀಯ, ಹಾಗೆ ಮಾಡಿದ್ದು ನಾನೇ ಎಂದೇ?

ಒಂದು ಸಂಜೆ ಮ್ಯಾನೇಜರ್ ಮೀಟಿಂಗ್ ಎಂದು ಕೂರಿಸಿಕೊಂಡ. ಅವಳು ಓಡೋಡಿ ಮನೆಗೆ ಬಂದಾಗ ಆರು ಇಪ್ಪತ್ತು. ಮೇಲಿನ ಮನೆಯ ಬಾಗಿಲು ತೆರೆದಿತ್ತು, ಬಚ್ಚಲಲ್ಲಿ ದೀಪ ಉರಿಯುತ್ತಿತ್ತು, ಸದ್ದಿರಲಿಲ್ಲ. ಪುಟ್ಟಿಯ ಸ್ನಾನದ ಹೊತ್ತಿನಲ್ಲಿ ಆ ಮನೆಯಲ್ಲಿ ಸದ್ದಿಲ್ಲ ಎಂಬುದೇ ಸಾಕು, ಅವಳು ಬಚ್ಚಲಿಗೆ ಓಡಿದಳು.

ತಂಗಿ ಟಬ್ಬಿನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ಒಂದು ಕೈಯಲ್ಲಿ ಸೋಪು, ಇನ್ನೊಂದು ಕೈ ಖಾಲಿ, ಮಗುವಿನ ಬೆನ್ನು ಎಲ್ಲಿರಬೇಕಿತ್ತೋ ಅಲ್ಲಿ ಹಾಗೇ ಬಾಗಿ ನಿಂತಿತ್ತು. ಟಬ್ಬಿನ ನೀರೆಲ್ಲ ಎಡಬದಿಗೆ ಗೋಡೆಯ ಹಾಗೆ ಏರಿ ನಿಂತಿತ್ತು, ಬಲಬದಿಯ ತಳ ಒಣಗಿ ಕಾಣುತ್ತಿತ್ತು. ಆ ಓರೆ ನೀರಿನಿಂದ ಒಂದು ಪುಟ್ಟ ಪಾದ ಮಾತ್ರ ಹೊರಗಿತ್ತು.

ನಿಮಿಷಮ್ಮ ಮಗುವನ್ನು ಹೊರಗೆಳೆದು ತಲೆಕೆಳಗೆ ಮಾಡಿ ಬೆನ್ನಿಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಮೂರನೆಯ ಏಟಿಗೆ ನೀರು ಕಕ್ಕಿ ಪುಟ್ಟಿ ಉಸಿರೆಳೆದುಕೊಂಡು ಅಳತೊಡಗಿತು. ಆ ಅಳು ಕಿವಿಗೆ ಬಿದ್ದಾಗ ಅವಳೂ ನೆಲದ ಮೇಲೆ ಕುಸಿದು ಅದರ ಜೊತೆ ಅತ್ತಳು. ಪಕ್ಕದಲ್ಲೇ ತಂಗಿ ಸೋಪು ಹಿಡಿದುಕೊಂಡು ಮಗುವಿಲ್ಲದ ಟಬ್ಬಿಗೆ ಮುಗುಳ್ನಗುತ್ತಿದ್ದಳು. ಎಚ್ಚರವಾದಾಗ ಅವಳು ಕೇಳಿದ್ದು: "ಅರೆ, ನೀನ್ಯಾವಾಗ ಬಂದೆ? ಮಗೂನ ನನ್ನ ಕೈಯಿಂದ ಯಾವಾಗ ತಗೊಂಡೆ?"

ಮರುದಿನ ಬೆಳಗ್ಗೆ ನಿಮಿಷಮ್ಮ ಗುರುಗಳ ಮನೆಯ ಬಾಗಿಲು ಬಡಿದಳು. ಸಂತೆಬೀದಿಯ ಹಿಂದಿನ ಚಿಕ್ಕ ಮನೆ. ಬಾಗಿಲು ತೆರೆದ ಅವರು ಅವಳ ಮುಖ ನೋಡಿಯೇ, "ಕೈ ಹಾಕ್ದೆ ಅಲ್ವಾ?" ಎಂದರು.

ಅವಳು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡು ಕೂತು ಕೇಳಿದರು, ಒಂದೆಡೆಯೂ ಆಶ್ಚರ್ಯಪಡಲಿಲ್ಲ. ಅದನ್ನು ಕಂಡು ಅವಳಿಗೆ ಸಿಟ್ಟು ಬಂತು.

"ಮೊದಲೇ ಹೇಳಬಾರದಿತ್ತಾ ಸಾರ್?"

"ಹೇಳಿದ್ರೆ ನಂಬ್ತಿದ್ದೆಯಾ? ಮುದುಕನಿಗೆ ಅರಳುಮರಳು ಅಂತಿದ್ದೆ." ಅವರು ದನಿ ತಗ್ಗಿಸಿದರು. "ಆ ಎರಡು ಊರಿನ ಮಧ್ಯೆ ನೆಲದ ಮೇಲೆ ಅಳೆದ್ರೆ ನಾನೂರ ಮೂವತ್ತೆಂಟು. ಮೇಲೆ ಹೋದ್ರೆ ಇನ್ನೂ ಎಪ್ಪತ್ತಾರು ಕಿಲೋಮೀಟರ್ ಇದೆಯಮ್ಮ. ಯಾವ ನಕ್ಷೆಯಲ್ಲೂ ಇಲ್ಲ. ಅದನ್ನ ದಾಟೋ ಒಂಬತ್ತು ನಿಮಿಷ ವಿಮಾನದೊಳಗೆ ಯಾರೂ ಇರಲ್ಲ. ಮೈ ಇರುತ್ತೆ, ಅವರು ಇರಲ್ಲ. ನೀನು ನಿನ್ನ ತಂಗೀನ ನೋಡಿದೆಯಲ್ಲ, ಹಾಗೆ."

"ಪೈಲಟ್ಟೂ?"

"ಪೈಲಟ್ಟೂ. ಅದಕ್ಕೇ ಆ ದಾರೀಲಿ ಮಧ್ಯದಲ್ಲಿ ಎಲ್ಲರೂ ಬೆಲ್ಟ್ ಹಾಕ್ಕೊಂಡು ಕೂರಬೇಕು ಅಂತ ನಿಯಮ ಬರೆಸಿದ್ದು ನಾನು. ಎಪ್ಪತ್ತು ಜನ ಒಟ್ಟಿಗೆ ಹೋಗ್ತಾರೆ, ಒಟ್ಟಿಗೆ ಬರ್ತಾರೆ. ಯಾರು ಯಾರನ್ನ ನೋಡೋರು? ಯಾರೂ ಬೀಳಲ್ಲ, ಯಾರೂ ಮುಳುಗಲ್ಲ. ಅದಕ್ಕಿಂತ ಒಳ್ಳೇ ಜಾಗ ಆ ನಿಮಿಷಕ್ಕೆ ಇಲ್ಲ. ನೀನು ಆ ಬಾಗಿಲು ಮುಚ್ಚಿದೆ, ಅದು ಬರೆದುಕೊಟ್ಟ ವಿಳಾಸಕ್ಕೆ ಹೋಯ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

"ವರ್ಕ್‌ಶಾಪಿಗೆ ಹಾಕಿದ್ರೆ?"

ಗುರುಗಳು ಮತ್ತೆ ಕನ್ನಡಕ ತೆಗೆದರು. "ನಾನೂ ಹರೆಯದಲ್ಲಿ ಜಾಣನಾಗಿದ್ದೆ," ಎಂದರು. "ಒಮ್ಮೆ ವರ್ಕ್‌ಶಾಪಿಗೆ ಹಾಕಿದ್ದೆ. ಮೆಕ್ಯಾನಿಕ್ ಒಬ್ಬ ಏಣಿಯ ಮೇಲಿದ್ದ."

ಅವಳು ನೆಟ್ಟಗೆ ಮ್ಯಾನೇಜರನ ಕೋಣೆಗೆ ಹೋಗಿ ಹಾರಾಟದ ವೇಳೆಯನ್ನು ಮತ್ತೆ ಅರವತ್ತೊಂದು ಮಾಡಬೇಕು ಎಂದಳು. ಅವನು ನಕ್ಕ. ಆರು ತಿಂಗಳ ಟಿಕೆಟ್ಟು ಮಾರಾಟವಾಗಿದೆ, ಐವತ್ತೆರಡೇ ನಿಮಿಷ ಎಂದು ಊರ ತುಂಬ ಬೋರ್ಡು ಹಾಕಿದ್ದೇವೆ, ಹೊಸ ಪಟ್ಟಿ ಬರುವವರೆಗೆ ಮೇಲಿನ ಅಂಕಿ ಮುಟ್ಟುವ ಹಾಗಿಲ್ಲ ಎಂದ. ನಿಲುಗಡೆಗೆ ಹಾಕುವುದಂತೂ ಸುತರಾಂ ಸಾಧ್ಯವಿಲ್ಲವಂತೆ.

"ಫಾರಮ್ಮಿನ ಕೆಳಗಿನ ಅರ್ಧ ಬೇಕಿದ್ರೆ ಏನಾದ್ರೂ ಮಾಡ್ಕೊಳ್ಳಿ," ಎಂದ. "ಅದನ್ನ ಯಾರು ಓದ್ತಾರೆ?"

ತನ್ನ ಕೋಣೆಗೆ ಬಂದು ಅವಳು ಫಾರಮ್ಮು ತೆರೆದಳು. ತಂಗಿಗೆ ರಜೆ ಹಾಕಿಸಬಹುದು. ಆದರೆ ಅವಳ ಜಾಗಕ್ಕೆ ಬರುವವಳಿಗೂ ಮನೆಯಿದೆ, ಒಲೆಯಿದೆ. ಕ್ಯಾಪ್ಟನ್ನಿಗೆ ಕಾರಿದೆ. ವಿಶ್ರಾಂತಿಯ ಎದುರಿದ್ದ ಮೂವತ್ತಾರನ್ನು ಅವಳು ಹೊಡೆದುಹಾಕಿದಳು. ಉಳಿದದ್ದು ಒಂದೇ ಸಾಲು: ವಿಭಾಗ. ಅದರ ಎದುರು ಮೂವತ್ತಾರು ಎಂದು ಬರೆದಳು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ನೀರಿನಿಂದ ಹೊರಗಿದ್ದ ಆ ಪಾದ ನೆನಪಾಗುತ್ತಲೇ ಇತ್ತು. ಮಾಡಿದ್ದುಣ್ಣೋ ಮಹರಾಯ ಅಂತ ಲೋಕಕ್ಕೆಲ್ಲ ಹೇಳುವ ಬಾಯಿ ತನ್ನ ಸರದಿ ಬಂದಾಗ ಸುಮ್ಮನಿರಲಾದೀತೇ?

ತಂಗಿಯ ಸಂಜೆಗಳು ಅಂದಿನಿಂದಲೇ ನೆಟ್ಟಗಾದವು. ಅರ್ಧಕ್ಕೆ ನಿಂತ ಮಾತಿಲ್ಲ, ಓರೆ ನಿಂತ ನೀರಿಲ್ಲ. ಕ್ಯಾಪ್ಟನ್ ಎಲ್ಲ ಸಿಗ್ನಲ್ಲನ್ನೂ ಸರಿಯಾಗಿ ದಾಟಿದ. ನಿಮಿಷಮ್ಮನಿಗೆ ಆ ಒಂಬತ್ತು ನಿಮಿಷ ಹಗಲು ನಾಲ್ಕು ಸಲ ಬರುತ್ತಿತ್ತು, ಕಚೇರಿಯ ಹೊತ್ತಿನ ಒಳಗೇ, ಪ್ರತಿದಿನ ಅದೇ ಗಳಿಗೆಗೆ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಗೋಡೆ ಗಡಿಯಾರದ ಮುಳ್ಳು ಇಲ್ಲಿದ್ದದ್ದು ಅಲ್ಲಿರುತ್ತಿತ್ತು, ಟೀ ಆರಿರುತ್ತಿತ್ತು, ಬೆರಳು ಜೋಮು ಹಿಡಿದಿರುತ್ತಿತ್ತು, ಅಷ್ಟೆ. ಗಳಿಗೆ ಹತ್ತಿರ ಬಂದಾಗ ಒಳಗಿನಿಂದ ಚಿಲಕ ಹಾಕಿ, ಕುರ್ಚಿಗೆ ಸೊಂಟದ ಪಟ್ಟಿ ಬಿಗಿದುಕೊಂಡು, ಗಡಿಯಾರದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮುಳ್ಳು ಸರಿದದ್ದು ಯಾವತ್ತೂ ಒಂಬತ್ತೇ. ಇನ್ನೊಬ್ಬರ ಸಮಯ ಕೇಳುವ ಅಭ್ಯಾಸ ಬಿಟ್ಟಳು. ಕಚೇರಿಯವರು ನಿಮಿಷಮ್ಮ ಮೆತ್ತಗಾಗಿದ್ದಾಳೆ ಎಂದು ಖುಷಿಪಟ್ಟರು.

ಎರಡು ತಿಂಗಳು ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಹನ್ನೆರಡು ಹದಿನಾರಕ್ಕೆ, ಚಿಲಕ ಹಾಕಲು ಏಳುವಷ್ಟರಲ್ಲಿ ಬಾಗಿಲು ತೆರೆದು ತಂಗಿ ಬಂದಳು. ಅವತ್ತು ಅವಳಿಗೆ ರಜೆ. ಕೈಯಲ್ಲಿ ಪುಟ್ಟಿ.

"ಅಕ್ಕ, ನೋಡಿಲ್ಲಿ! ಬೆಳಗ್ಗೆಯಿಂದ ನಡೀತಾ ಇದಾಳೆ. ಸಂಜೇವರೆಗೂ ಕಾಯೋಕಾಗಲಿಲ್ಲ, ನಿನಗೇ ಮೊದಲು ತೋರಿಸೋಣ ಅಂತ ಬಂದೆ."

ಅವಳನ್ನು ಹೊರಗೆ ಕಳಿಸಬೇಕಿತ್ತು. ಹನ್ನೆರಡು ಇಪ್ಪತ್ತಕ್ಕೆ ಗಳಿಗೆ. ಇನ್ನೂ ನಾಲ್ಕು ನಿಮಿಷ ಇದೆ, ಮಗು ಐದು ಹೆಜ್ಜೆ ಇಡಲು ನಾಲ್ಕು ನಿಮಿಷ ಬೇಕೇ ಎಂದುಕೊಂಡಳು. ಮಕ್ಕಳು ಟೈಮ್‌ಟೇಬಲ್ ನೋಡಿ ನಡೆಯುವುದಿಲ್ಲವಲ್ಲ. ಪುಟ್ಟಿ ಬಾಗಿಲ ಬಳಿ ನಿಂತು ಮೊದಲು ಬೆರಳು ಚೀಪಿತು. ಆಮೇಲೆ ಕೂತಿತು. ಆಮೇಲೆ ಲಿಫ್ಟಿನ ಕಡೆ ನೋಡಿತು. ಕೊನೆಗೆ ಅಮ್ಮನ ಕೈ ಬಿಟ್ಟು, ಎರಡೂ ಕೈ ಮುಂದೆ ಚಾಚಿ, ದೊಡ್ಡಮ್ಮನ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಎರಡನೆಯದಿಟ್ಟಿತು. ನಿಮಿಷಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿ, "ಬಾ ಕಂದ, ಬಾ..." ಎಂದಳು.

"...ಬಾ," ಎಂದಳು.

ಬಾಗಿಲ ಬಳಿ ಮಗು ಇರಲಿಲ್ಲ. ತಂಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಪುಟ್ಟಿ ಅವಳ ಹೆಗಲಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿತ್ತು, ಅತ್ತು ಅತ್ತು ಸಾಕಾದ ಮೇಲಿನ ಬಿಕ್ಕು. ಮೇಜಿನ ಮೇಲಿನ ಟೀ ಎಡಕ್ಕೆ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಿನ್ನ ಹತ್ರ ಬಂದು ಮೊಣಕಾಲು ಹಿಡ್ಕೊಂಡಳು," ಎಂದಳು ತಂಗಿ. ದನಿ ಒಡೆದಿತ್ತು. "'ದೊಡ್ಡ' ಅಂದಳು. ಮೊದಲನೇ ಸಲ. ಎರಡು ಮೂರು ಸಲ ಅಂದಳು. ನೀನು ಅವಳ ತಲೆ ಮೇಲಿಂದ ಎಲ್ಲೋ ನೋಡ್ತಾ ಇದ್ದೆ. ನಿನ್ನ ಕೈ ಮುಟ್ಟಿ ಕಿರುಚಿಕೊಂಡಳು. ಅಕ್ಕ, ಎಲ್ಲಿಗೆ ಹೋಗಿದ್ದೆ ನೀನು?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನಿಮಿಷಮ್ಮ ಹೇಳಿದಳು: ಒಂಬತ್ತು ನಿಮಿಷ, ಎಣ್ಣೆ, ಫಾರಮ್ಮು, ಗುರುಗಳು, ಬಚ್ಚಲು. ಬಚ್ಚಲಿನ ಮಾತು ಬಂದಾಗ ತಂಗಿ ಮಗುವಿನ ಬೆನ್ನಿನ ಮೇಲೆ ಅಂಗೈ ಒತ್ತಿಕೊಂಡಳು. ಕೊನೆಗೆ ಎದ್ದು ಬಂದು ಅಕ್ಕನ ತಣ್ಣಗಿನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಉಜ್ಜತೊಡಗಿದಳು, ಕಣ್ಣೀರು ಧಾರಾಕಾರ ಇಳಿಯುತ್ತಿತ್ತು.

"ಅಳಬೇಡ್ವೇ," ಎಂದಳು ನಿಮಿಷಮ್ಮ. ಪುಟ್ಟಿ ಅವಳ ಕಡೆ ತಿರುಗುತ್ತಲೇ ಇರಲಿಲ್ಲ, ಆದರೂ ನಗಲು ನೋಡಿದಳು. "ಇನ್ನು ನಾಲ್ಕು ತಿಂಗಳು. ಹೊಸ ಪಟ್ಟಿ ಬಂದ ಕೂಡಲೇ ವಾಪಸ್ ವಿಮಾನಕ್ಕೇ ಹಾಕ್ತೀನಿ. ಒಂಬತ್ತು ನಿಮಿಷ ತಾನೆ, ಒಂಬತ್ತು ನಿಮಿಷಕ್ಕೆ ಯಾರೂ ಸಾಯಲ್ಲ."

ತಂಗಿ ಉಜ್ಜುವುದನ್ನು ನಿಲ್ಲಿಸಿದಳು.

"ಒಂಬತ್ತಲ್ಲ ಅಕ್ಕ."

"ಅಂದ್ರೆ?"

"ನೀನು ಕಲ್ಲಾದ ತಕ್ಷಣ ನಾನು ಕ್ಲಿನಿಕ್‌ಗೆ ಫೋನ್ ಮಾಡಿದೆ. ಅವರು ಲೈನಲ್ಲೇ ಇರು ಅಂದ್ರು, ನೀನು ಬಾ ಅನ್ನೋವರೆಗೂ ಇದ್ದೆ." ಫೋನನ್ನು ಅಕ್ಕನ ಮುಂದೆ ಹಿಡಿದಳು. "ಹನ್ನೊಂದು ನಿಮಿಷ."

ನಿಮಿಷಮ್ಮ ಫೋನು ನೋಡಿದಳು, ಗೋಡೆ ನೋಡಿದಳು. ಇಷ್ಟು ದಿನ ಕಣ್ಣು ತೆರೆಯುತ್ತಲೇ ಗಡಿಯಾರ ಓದುತ್ತಿದ್ದವಳು ಇವತ್ತು ಮಗುವನ್ನು ಹುಡುಕುವ ಗಡಿಬಿಡಿಯಲ್ಲಿ ಓದಿರಲಿಲ್ಲ. ಮೂವತ್ತು ವರ್ಷ ಒಂಬತ್ತಾಗಿಯೇ ಇದ್ದ ದಾರಿ ಯಾಕೆ ಉದ್ದವಾಗಬೇಕು? ಎಷ್ಟು ಉದ್ದವಾಗಬಹುದು? ಈ ಪ್ರಶ್ನೆಯನ್ನು ತಂಗಿಯ ಕಣ್ಣಲ್ಲೂ ಕಂಡಾಗ ಅವಳಿಗೆ ಏನಾದರೊಂದು ಹೇಳಲೇಬೇಕಾಯಿತು. ಆ ಕಚೇರಿಯಲ್ಲಿ ಯಾವ ವಿಮಾನ ತಡವಾದರೂ ಎಲ್ಲರೂ ಹೇಳುವ ಮಾತನ್ನೇ ಹೇಳಿದಳು.

"ಎದುರುಗಾಳಿ ಇದ್ದಿರಬೇಕು."

ಆರು ವರ್ಷ ಆ ದಾರಿಯಲ್ಲಿ ಹಾರಿದ್ದ ತಂಗಿ, ಟೀಯಲ್ಲಿ ತೊಯ್ದ ಕಾಗದಗಳ ನಡುವಿನಿಂದ ಅಂದಿನ ಹವಾಮಾನದ ಹಾಳೆಯನ್ನು ಎತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಓದಿ ಮೇಜಿನ ಮೇಲಿಟ್ಟಳು.

"ಇವತ್ತು ಗಾಳಿ ಇಲ್ಲ ಅಕ್ಕ," ಎಂದಳು.